ಬಕೆಟ್ಟಿನೊಳಗಿನ ದಾಳಿಂಬೆ

ಶನಿವಾರ ಬೆಳಿಗ್ಗೆ ಟ್ರೂಡೆ ನೇಗೆಲೆಯ ಕಾಫಿಯಲ್ಲಿ ಒಂದು ನೊರಜು ಬಿತ್ತು. ಹೂಕುಂಡದ ಹಸಿ ಮಣ್ಣಿನಲ್ಲಿ ಹುಟ್ಟಿ, ಸಾಸಿವೆ ಕಾಳಿನಷ್ಟೂ ಇರದೆ, ಯಾರ ತಂಟೆಗೂ ಹೋಗದೆ ಬದುಕುವ ಬಡಪ್ರಾಣಿ ಅದು. ಗಂಡನ ಲೋಟಕ್ಕೆ ಬಿದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ಅವರು ಚಮಚದಲ್ಲಿ ಎತ್ತಿ ಪಕ್ಕಕ್ಕಿಟ್ಟು ಕಾಫಿ ಕುಡಿದು ಮುಗಿಸುತ್ತಿದ್ದರು.

"ಓಟ್ಮಾರ್, ಇಲ್ಲಿ ಬಾ. ಏನಿದು?" ಎಂದು ಟ್ರೂಡೆ ಲೋಟವನ್ನು ಗಂಡನ ಮೂಗಿನ ಕೆಳಗೆ ಹಿಡಿದಳು.

"ಅದು ಕಚ್ಚಲ್ಲ ಟ್ರೂಡೆ."

"ಕಚ್ಚಲಿ ಅಂತ ಕಾಯ್ತಾ ಕೂತ್ಕೊಳ್ಳಲಾ? ಅಡಿಗೆಮನೆ ಕಿಟಕಿ ತುಂಬ ನಿನ್ನ ಕುಂಡ, ಕುಂಡದ ತುಂಬ ಇವು. ಇವತ್ತು ಅವು ಈ ಮನೆಯಿಂದ ಆಚೆ ಹೋಗ್ಬೇಕು. ಬಾಲ್ಕನಿಗೆ ಇಡು."

"ಇವತ್ತು ರಾತ್ರಿ ನೀರು ಹೆಪ್ಪುಗಟ್ಟುತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರಲ್ಲ. ಬಾಲ್ಕನಿಗೆ ಇಟ್ರೆ ಬೆಳಗಾಗೋದ್ರೊಳಗೆ ಮುಗೀತು."

"ಮುಗಿಯೋಕೆ ಇನ್ನೇನಿದೆ ಅದ್ರಲ್ಲಿ? ಎಲೆಯೆಲ್ಲ ಉದುರಿ ನನ್ನ ಚಪ್ಪಲಿ ಒಳಗೆ ಸೇರಿದೆ. ಏಳು ಕಡ್ಡಿ ಸಾಕ್ತಾ ಇದ್ದೀಯ ನೀನು."

ಓಟ್ಮಾರ್ ನೇಗೆಲೆಯವರು ಎಸ್ಲಿಂಗನ್ ಊರಿನ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಊರಿನ ಅರ್ಧ ಜನಕ್ಕೆ ಲೋಕ ಸರಿಯಾಗಿ ಕಾಣಿಸುವುದು ಅವರ ಕೈಗುಣದಿಂದ. ಆದರೆ ಅವರ ಮಾತನ್ನು ಕೊನೆಯವರೆಗೆ ಕೇಳಿದವರು ಮಾತ್ರ ಊರಲ್ಲಿ ಯಾರೂ ಇರಲಿಲ್ಲ. ಅವರಿಗೂ ಅದು ರೂಢಿಯಾಗಿ ಹೋಗಿ, ಮಾತನ್ನು ಅರ್ಧಕ್ಕೇ ನಿಲ್ಲಿಸುವ ಅಭ್ಯಾಸ ಬಂದುಬಿಟ್ಟಿತ್ತು. ಎಲ್ಲಕ್ಕೂ ಹೂಂ ಎನ್ನುವ ಈ ಮನುಷ್ಯನಿಗೆ ಹಟ ಅಂತ ಇದ್ದದ್ದು ಒಂದೇ, ಆ ಏಳು ದಾಳಿಂಬೆ ಸಸಿಗಳ ಮೇಲೆ.

ಹಟಕ್ಕೆ ಕಾರಣವಿತ್ತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ನೂರ್ದಾನ್ ಅಂತ ಒಬ್ಬ ನರ್ಸ್ ಇದ್ದಳು. ಕೆಲವು ವರ್ಷಗಳ ಹಿಂದೆ ಅವಳು ಟರ್ಕಿಯ ತನ್ನಜ್ಜನ ಹಳ್ಳಿಗೆ ಹೋಗಿ ಬಂದಾಗ ಇವರಿಗೆ ಒಂದು ದಾಳಿಂಬೆ ಹಣ್ಣು ತಂದುಕೊಟ್ಟಿದ್ದಳು. ಮರುವರ್ಷ ಆ ತೋಟದ ಮೇಲೆ ರಸ್ತೆ ಹಾದುಹೋಯಿತು. "ಅಜ್ಜನ ಮರ ಹೋಯ್ತು ನೇಗೆಲೆಯವ್ರೇ," ಎಂದು ಮೆಟ್ಟಿಲ ಮೇಲೆ ನಿಂತು ನಗುನಗುತ್ತಲೇ ಹೇಳಿದ ಹುಡುಗಿಯ ಕಣ್ಣಲ್ಲಿ ನೀರಿತ್ತು. ನೇಗೆಲೆಯವರು ಯಾವ ವಸ್ತುವನ್ನೂ ಎಸೆಯುವವರಲ್ಲ. ಹಣ್ಣು ತಿಂದು, ಬೀಜ ತೊಳೆದು ಒಣಗಿಸಿ, ಕಾಗದದಲ್ಲಿ ಮಡಿಸಿಟ್ಟಿದ್ದರು. ತಡೆಯಲಾರದೆ, "ಅದರ ಬೀಜ ನನ್ನ ಹತ್ರ ಇದೆ. ಒಂದು ಗಿಡ ಮಾಡಿ ನಿಮಗೆ ಕೊಡ್ತೀನಿ," ಎಂದುಬಿಟ್ಟರು. ಬಾಳಿನಲ್ಲಿ ಅವರು ಪೂರ್ತಿಯಾಗಿ ಆಡಿದ ಮಾತು ಬಹುಶಃ ಅದೊಂದೇ.

ಬೀಜ ಮೊಳೆಯುವುದು ಕಷ್ಟವಲ್ಲ, ಸಸಿಯನ್ನು ಚಳಿಗಾಲ ದಾಟಿಸುವುದು ಕಷ್ಟ. ಮೊದಲ ವರ್ಷದ ಸಸಿಗಳನ್ನು ಹೀಟರಿನ ಮೇಲಿನ ಕಿಟಕಿಯಲ್ಲಿ ಇಟ್ಟರು. ಅವು ಡಿಸೆಂಬರಿನಲ್ಲೇ ವಸಂತ ಬಂತೆಂದು ತಿಳಿದು, ಶಾವಿಗೆಯ ಹಾಗೆ ಬಿಳಿಚಿಕೊಂಡು ಉದ್ದಕ್ಕೆ ಬೆಳೆದು, ತಲೆ ಬಾಗಿಸಿ ಸತ್ತವು. ಎರಡನೆಯ ವರ್ಷದವನ್ನು ಬಾಲ್ಕನಿಯಲ್ಲಿ ಇಟ್ಟರು. ಒಂದೇ ರಾತ್ರಿಯ ಹಿಮಕ್ಕೆ ಕರಕಲಾದವು. ಬೀಜದಲ್ಲಿ ಉಳಿದದ್ದನ್ನೆಲ್ಲ ಈ ಸಲ ಬಿತ್ತಿ ಆಗಿತ್ತು. ಈ ಏಳು ಹೋದರೆ ಅಜ್ಜನ ಮರದ ವಂಶವೂ ಹೋಯಿತು, ಕೊಟ್ಟ ಮಾತೂ ಹೋಯಿತು.

ಎರಡು ಚಳಿಗಾಲದ ಪೆಟ್ಟು ತಿಂದ ಮೇಲೆ ನೇಗೆಲೆಯವರಿಗೆ ಗುಟ್ಟು ತಿಳಿದಿತ್ತು. ದಾಳಿಂಬೆಗೆ ಚಳಿಗಾಲದಲ್ಲಿ ನಿದ್ದೆ ಬೇಕು. ಎಲೆ ಉದುರಿಸಿ ಕಡ್ಡಿಯಾಗಿ ನಿಲ್ಲುವುದು ಸಾವಲ್ಲ, ನಿದ್ದೆ. ಅದಕ್ಕೆ ಬೆಳಕಿರಬೇಕು, ತಣ್ಣಗಿರಬೇಕು, ಆದರೆ ನೀರು ಹೆಪ್ಪುಗಟ್ಟಬಾರದು. ಇಂಥ ಜಾಗ ಹುಡುಕುವುದು ಮದುವೆಗೆ ಗಂಡು ಹುಡುಕಿದ ಹಾಗೆ. ನೆಲಮಾಳಿಗೆಯಲ್ಲಿ ಬಾಯ್ಲರಿನ ಸೆಕೆ, ಸಾಲದ್ದಕ್ಕೆ ಕತ್ತಲೆ. ಅಟ್ಟದಲ್ಲಿ ಒಗೆದ ಬಟ್ಟೆಯೇ ಹಲಗೆಯ ಹಾಗೆ ಸೆಟೆದು ನಿಲ್ಲುವಷ್ಟು ಹಿಮ.

"ಮಲಗೋ ಕೋಣೆ ಹೀಟರ್ ಆರಿಸಿ, ಕಿಟಕಿ ಒಂದಿಷ್ಟು ತೆರೆದಿಟ್ರೆ..." ಎಂದು ನೇಗೆಲೆಯವರು ಮೆಲ್ಲಗೆ ಎತ್ತಿದರು.

ಟ್ರೂಡೆ ಜುಲೈ ತಿಂಗಳಲ್ಲೂ ಉಣ್ಣೆಯ ಕಾಲುಚೀಲ ಹಾಕಿ ಮಲಗುವವಳು. "ಮಲಗೋ ಕೋಣೇಲಿ ಅವಿರ್ಬೇಕು, ಇಲ್ಲ ನಾನಿರ್ಬೇಕು. ಯಾವುದು ಬೇಕೋ ಆರಿಸ್ಕೋ," ಎಂದಳು.

ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸು ಇಂಥ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ನೇಗೆಲೆಯವರು ಏಳು ಕುಂಡಗಳನ್ನೂ ಎದೆಗವಚಿಕೊಂಡು ಬಾಗಿಲಾಚೆ ಬಂದರು.

ಬಾಗಿಲಾಚೆ ಅವರ ಕಣ್ಣು ಬಹಳ ದಿನದಿಂದ ನೆಟ್ಟಿದ್ದ ಒಂದು ಜಾಗವಿತ್ತು. ಮೊದಲ ಮಹಡಿಯಿಂದ ಇವರ ಎರಡನೆಯ ಮಹಡಿಗೆ ಏರುವಲ್ಲಿ, ಮೆಟ್ಟಿಲು ತಿರುಗುವ ಕಡೆ, ದೊಡ್ಡ ಕಿಟಕಿ. ಬೇಕಾದಷ್ಟು ಬೆಳಕು. ಕಿಟಕಿಯ ಕೆಳಗೊಂದು ಕಬ್ಬಿಣದ ಹೀಟರ್ ಉಂಟು, ಆದರೆ ಅದನ್ನು ತಿರುಗಿಸುವ ನಾಬು ಇಲ್ಲ. ನೆಲಮಹಡಿಯ ಕ್ಯೂಬ್ಲರಮ್ಮ ಈ ಕಟ್ಟಡದ ಒಡತಿ, ಎಂಜಲು ಕೈಯಲ್ಲಿ ಕಾಗೆ ಓಡಿಸದ ಹೆಂಗಸು. ಗಂಡ ತೀರಿಕೊಂಡ ವರ್ಷವೇ ಆ ನಾಬನ್ನು ಕಿತ್ತು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. "ಮೆಟ್ಟಿಲು ಹತ್ತೋಕೆ ಇರೋದು, ಮೈ ಕಾಯಿಸ್ಕೊಳ್ಳೋಕಲ್ಲ," ಅಂತ ಅವಳ ವಾದ. ಒಮ್ಮೆ ಮೊದಲ ಮಹಡಿಯ ವಿಲ್ಡ್ ಮುದುಕ ಬಾಡಿಗೆದಾರರ ಸಭೆಯಲ್ಲಿ ನಾಬಿನ ಮಾತೆತ್ತಿದ್ದಕ್ಕೆ ಕ್ಯೂಬ್ಲರಮ್ಮ ಅವನೊಡನೆ ಒಂದು ವರ್ಷ ಮಾತು ಬಿಟ್ಟಿದ್ದಳು. ಅಲ್ಲಿಂದೀಚೆಗೆ ಆ ಮನೆಯಲ್ಲಿ ನಾಬು ಎಂಬ ಶಬ್ದವನ್ನು ಯಾರೂ ಉಚ್ಚರಿಸಿದವರಿಲ್ಲ. ಮೆಟ್ಟಿಲ ತಿರುವು ಚಳಿಗಾಲವಿಡೀ ಬಾವಿಯ ಹಾಗೆ ತಣ್ಣಗಿರುತ್ತಿತ್ತು. ಆದರೂ ನಾಲ್ಕು ಮನೆಗಳ ನಡುವೆ ಇದ್ದದ್ದರಿಂದ ಅಲ್ಲಿ ನೀರು ಎಂದೂ ಹೆಪ್ಪುಗಟ್ಟುತ್ತಿರಲಿಲ್ಲ. ಕ್ಯೂಬ್ಲರಮ್ಮನ ಜುಗ್ಗತನ ದಾಳಿಂಬೆಗೆಂದೇ ಮಾಡಿಸಿದಂತಿತ್ತು.

ಅಡ್ಡಿ ಒಂದೇ. ಮೆಟ್ಟಿಲ ಮೇಲೆ ಯಾರೂ ಏನನ್ನೂ ಇಡುವಂತಿಲ್ಲ. ಬೂಟು, ಕೊಡೆ, ಹಾಲಿನ ಕ್ಯಾನು, ಯಾವುದೂ ಇಲ್ಲ. ಗುಡಿಸುವವರ ಬಕೆಟ್ಟೊಂದಕ್ಕೆ ಮಾತ್ರ ಅಪ್ಪಣೆ.

ನಮ್ಮ ಕಡೆಯ ಗುಡಿಸುವ ವಾರದ ಮಹಿಮೆ ಅಂಥದು. ಒಂದು ಮರದ ಹಲಗೆ ವಾರಕ್ಕೊಂದು ಮನೆಯ ಬಾಗಿಲಿಗೆ ನೇತುಬೀಳುತ್ತದೆ. ಯಾರ ಬಾಗಿಲಲ್ಲಿ ಹಲಗೆಯೋ ಅವರು ಮೆಟ್ಟಿಲು ಗುಡಿಸಿ ಒರೆಸಬೇಕು, ಹಿಮ ಬಿದ್ದರೆ ಬೀದಿಯಿಂದ ಅದನ್ನೂ ತೋಡಿ ಹಾಕಬೇಕು. ಕಸ ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ. ಗುಡಿಸಿದ್ದು ನಾಲ್ಕು ಜನರ ಕಿವಿಗೆ ಬೀಳಬೇಕು. ಶನಿವಾರ ಸಂಜೆ ಹಲಗೆ ಮುಂದಿನ ಮನೆಗೆ ಹೋಗುತ್ತದೆ. ಆ ವಾರದ ಹಲಗೆ ನೇಗೆಲೆಯವರ ಬಾಗಿಲಲ್ಲೇ ಇತ್ತು.

ಅವರು ತಗಡಿನ ಬಕೆಟ್ಟು ತಂದು, ಏಳು ಕುಂಡಗಳನ್ನೂ ಅದರೊಳಗೆ ಜೋಡಿಸಿ, ಕಿಟಕಿಯ ಕೆಳಗೆ ಇಟ್ಟು, ಪಕ್ಕದಲ್ಲಿ ಕಸಬರಿಗೆ ಒರಗಿಸಿ ನಿಂತರು. ಬಕೆಟ್ಟಿನ ಬಾಯಿಂದ ಏಳು ಕಡ್ಡಿಗಳು ಹಣಕಿದವು.

ಕೆಳಗೆ ಬಾಗಿಲು ತೆರೆದುಕೊಂಡಿತು. ಕ್ಯೂಬ್ಲರಮ್ಮ ಒಂದೊಂದೇ ಮೆಟ್ಟಿಲಿನ ಅಂಚನ್ನು ಬೆರಳಲ್ಲಿ ಸವರಿ ನೋಡುತ್ತ ಮೇಲೆ ಬಂದಳು.

"ಏನದು?"

"ಬಕೆಟ್ಟು, ಕ್ಯೂಬ್ಲರಮ್ಮಾ."

"ಬಕೆಟ್ಟು ನನಗೂ ಕಾಣುತ್ತೆ. ಕನ್ನಡಕ ನೀವೇ ಮಾಡಿಕೊಟ್ಟಿದ್ದಲ್ವ? ಅದರೊಳಗೆ ಏನು?"

"ದಾಳಿಂಬೆ. ನಮ್ಮ ನೂರ್ದಾನ್ ಅಜ್ಜನ ಮರದ್ದು."

"ಮೆಟ್ಟಿಲ ಮೇಲೆ ತೋಟ ಮಾಡೋ ಹಾಗಿಲ್ಲ ನೇಗೆಲೆಯವ್ರೇ."

"ತೋಟ ಅಲ್ಲ, ಬಕೆಟ್ಟು. ಗುಡಿಸೋರ ಬಕೆಟ್ಟು ಇರಬಹುದು ಅಂತ ನೀವೇ..."

ಕ್ಯೂಬ್ಲರಮ್ಮ ಬಕೆಟ್ಟನ್ನೂ ಕಸಬರಿಗೆಯನ್ನೂ ನೋಡಿದಳು. ನಿಯಮ ಅಂದರೆ ಅವಳಿಗೆ ವೇದ. ಅದು ತನಗೇ ತಿರುಗಿಬಿದ್ದಾಗಲೂ ಮುರಿಯುವವಳಲ್ಲ. "ಅದು ಸರಿ. ಆದ್ರೆ ಇಲ್ಲೇ ಯಾಕೆ?" ಎಂದು ಕೇಳಿದಳು.

ಇಲ್ಲೇ ನೇಗೆಲೆಯವರು ಎಡವಿದ್ದು. ಉತ್ತರ ಅವರ ನಾಲಿಗೆಯ ತುದಿಯಲ್ಲಿತ್ತು: ಈ ಮನೆಯಲ್ಲಿ ಇದೇ ತಣ್ಣನೆಯ ಜಾಗ, ಅದಕ್ಕೆ. ಹಾಗಂದರೆ ಮಾತು ಹೀಟರಿಗೆ ಹೋಗುತ್ತದೆ, ಹೀಟರಿನಿಂದ ನಾಬಿಗೆ ಹೋಗುತ್ತದೆ, ನಾಬಿನಿಂದ ನೇರ ಬೀದಿಗೆ ಬರಬೇಕಾಗುತ್ತದೆ. ನೇಗೆಲೆಯವರು ಅಭ್ಯಾಸದಂತೆ ಅರ್ಧ ಮಾತನ್ನು ನುಂಗಿ ಉಳಿದರ್ಧ ಆಡಿದರು. "ಪಾಪ, ಎಳೆಯವು. ಆಚೆ ಇಟ್ರೆ ಚಳಿಗೆ ಸತ್ತುಹೋಗ್ತವೆ ಕ್ಯೂಬ್ಲರಮ್ಮಾ. ಒಳಗೆ ನನ್ನ ಹೆಂಡ್ತಿ ಬಿಡ್ತಿಲ್ಲ."

"ಚಳಿಗೆ ಸಾಯೋವು," ಎಂದು ಕ್ಯೂಬ್ಲರಮ್ಮ ಕಡ್ಡಿಗಳನ್ನು ನೋಡಿದಳು. "ಸತ್ತೇ ಹೋಗಿರೋ ಹಾಗಿದ್ಯಲ್ರೀ. ಆಗ್ಲಿ, ನಿಮ್ಮ ವಾರ ಮುಗಿಯೋವರೆಗೆ ಇರ್ಲಿ. ಸಂಜೆ ಹಲಗೆ ವಿಲ್ಡ್‌ಗೆ ಹೋಗುತ್ತೆ, ನಿಮ್ಮ ಬಕೆಟ್ಟು ನಿಮ್ಮನೆಗೆ ಹೋಗುತ್ತೆ."

ಸಂಜೆಯವರೆಗೆ ಅವಕಾಶ ಸಿಕ್ಕಿತು. ನೇಗೆಲೆಯವರು ತೋಳೇರಿಸಿದರು. ಹಲಗೆ ತನ್ನ ಬಾಗಿಲಿನಿಂದ ಹೋಗಕೂಡದು, ಅಷ್ಟೇ ತಾನೆ? ಹೋಗದ ಹಾಗೆ ಮಾಡೋಣ. ಅವರು ನೇರವಾಗಿ ಇಳಿದು ವಿಲ್ಡ್ ಮುದುಕನ ಬಾಗಿಲು ತಟ್ಟಿದರು.

ವಿಲ್ಡ್ ಮುದುಕ ನಿವೃತ್ತ ಅಂಚೆಯವನು. ಮೂವತ್ತು ವರ್ಷ ಊರವರ ಕಾಗದ ಹಂಚಿದ್ದರಿಂದ ಊರವರ ಮನೆಯ ವಿಷಯವೆಲ್ಲ ತನ್ನದೇ ಎಂಬ ಭಾವ. "ನನ್ನ ವಾರ ನೀವು ಗುಡಿಸ್ತೀರಾ? ಜ್ವರ ಇದೆಯಾ?" ಎಂದು ನೇಗೆಲೆಯವರ ಹಣೆ ಮುಟ್ಟಿ ನೋಡಿದ.

"ಜ್ವರ ಏನಿಲ್ಲ. ಸುಮ್ನೆ ಒಂದು... ಆಸೆ."

"ಹೆಂಡ್ತಿ ಜೊತೆ ಜಗಳವಾ?"

"ಅದೂ ಒಂದಿಷ್ಟು."

"ಹಾಗಾದ್ರೆ ಒಂದು ವಾರ ಸಾಲದು." ಮುದುಕ ಕಣ್ಣು ಕಿರಿದು ಮಾಡಿದ. "ಈಸ್ಟರ್‌ವರೆಗೆ ನನ್ನ ಸರದಿ ಪೂರ್ತಿ ನಿಮ್ದು. ಹಿಮ ತೋಡೋದೂ ಸೇರಿ. ಒಪ್ಪಿಗೆನಾ?"

ಹಿಮ ತೋಡುವುದೆಂದರೆ ಬೆಳಗಿನ ಜಾವ ಎದ್ದು ಬೆನ್ನು ಮುರಿದುಕೊಳ್ಳುವುದು. ನೇಗೆಲೆಯವರು ಏಳು ಕಡ್ಡಿಗಳನ್ನು ನೆನೆದು ಕೈ ಚಾಚಿದರು. ಇಬ್ಬರೂ ಕೈ ಕುಲುಕಿದರು. ನಮ್ಮ ಕಡೆ ಕೈ ಕುಲುಕಿದ ಮೇಲೆ ಯಮ ಬಂದರೂ ಮಾತು ತಪ್ಪುವಂತಿಲ್ಲ.

ಒಪ್ಪಂದದ ಖುಷಿಗೆ ಮುದುಕ ಗಿಡ ನೋಡಲು ಮೇಲೆ ಬಂದ. ಬಂದವನು ಬರಿಗೈಯಲ್ಲಿ ಬರಲಿಲ್ಲ. ನಿನ್ನೆ ಉಳಿದ ಅರ್ಧ ಬಾಟಲಿ ಬಿಯರು ಹಿಡಿದು ಬಂದ.

"ಬೀಜದಿಂದ ಬಂದ ಗಿಡ ಅಪ್ಪನ ಹಾಗಿರಲ್ಲ ರೀ. ಯಾರ ಹಾಗೆ ಇರುತ್ತೋ ದೇವರೇ ಬಲ್ಲ. ಆದ್ರೂ ಒಂದು ಗುಟುಕು ಕೊಡೋಣ. ನನ್ನ ಜೆರೇನಿಯಂ ಪ್ರತಿ ಶನಿವಾರ ಕುಡಿಯುತ್ತೆ."

"ಬೇಡ, ವಿಲ್ಡ್ ಅವ್ರೇ! ನಿದ್ದೆ ಮಾಡೋ ಗಿಡಕ್ಕೆ ನೀರೇ ಹೆಚ್ಚು ಹಾಕ್ಬಾರ್ದು, ಬಿಯರ್ ಯಾಕೆ..."

"ನಿದ್ದೆ ಬರೋಕೆ ಬಿಯರಿಗಿಂತ ಒಳ್ಳೇದು ಯಾವುದಿದೆ?"

ಮುದುಕ ಬಾಟಲಿ ಬಗ್ಗಿಸಿದ. ನೇಗೆಲೆಯವರು ಬಾಟಲಿಗೆ ಕೈ ಹಾಕಿದರು. ಮುದುಕನ ಮೊಣಕೈ ಬಕೆಟ್ಟಿಗೆ ತಗುಲಿತು. ಬಕೆಟ್ಟು ಒಂದು ಕ್ಷಣ ಯೋಚಿಸಿ, ಮೆಟ್ಟಿಲು ಇಳಿಯತೊಡಗಿತು. ಢಣ ಢಣ ಎಂದು ಒಂದೊಂದು ಮೆಟ್ಟಿಲಿಗೂ ಲೆಕ್ಕ ಒಪ್ಪಿಸುತ್ತ ಅದು ಉರುಳಿದ ಹಾಗೆಲ್ಲ ಕುಂಡಗಳು ಒಂದೊಂದಾಗಿ ಆಚೆ ಹಾರಿದವು. ಮಣ್ಣು ಮೆಟ್ಟಿಲ ತುಂಬ ಚೆಲ್ಲಿತು. ವಿಲ್ಡ್ ಮುದುಕ "ಒಲೆ ಮೇಲೆ ಸೂಪಿದೆ" ಎಂದು ತನ್ನ ಮನೆ ಹೊಕ್ಕು ಬಾಗಿಲು ಹಾಕಿಕೊಂಡ.

ನೇಗೆಲೆಯವರು ಮೊಣಕಾಲೂರಿ ಸಸಿಗಳನ್ನು ಹುಡುಕಿದರು. ಒಂದು ಎರಡು ಎಂದು ಎಣಿಸಿದರು. ಆರು ಸಿಕ್ಕವು. ಬೇರು ಗಟ್ಟಿಯಾಗಿದ್ದವು, ಕಡ್ಡಿ ಮುರಿದಿರಲಿಲ್ಲ. ಅವನ್ನು ಮಣ್ಣಲ್ಲಿ ಊರಿ ಬಕೆಟ್ಟಿಗೆ ಸೇರಿಸಿ ಮೇಲಿಟ್ಟು, ಕಸಬರಿಗೆ ಹಿಡಿದು ಚೆಲ್ಲಿದ ಮಣ್ಣು ಗುಡಿಸುತ್ತ ಮತ್ತೆ ಇಳಿದರು. ಏಳನೆಯದು ನೆಲಮಹಡಿಯವರೆಗೂ ಉರುಳಿ, ಕ್ಯೂಬ್ಲರಮ್ಮನ ಬಾಗಿಲಿಗೆ ಹಣೆಯಿಟ್ಟು ಬಿದ್ದುಕೊಂಡಿತ್ತು. ಅದನ್ನೆತ್ತಿ ಸ್ವೆಟರಿನೊಳಗೆ ತುರುಕಿಕೊಳ್ಳುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

"ನೇಗೆಲೆಯವ್ರೇ! ಬೆಳಿಗ್ಗೆ ಗುಡಿಸಿದ್ರಲ್ಲ?"

ನೇಗೆಲೆಯವರು ಒಂದು ಕೈಯಲ್ಲಿ ಎದೆಯ ಗಂಟನ್ನು ಒತ್ತಿಹಿಡಿದು, ಇನ್ನೊಂದರಲ್ಲಿ ಕಸಬರಿಗೆ ಆಡಿಸಿದರು. "ಗುಡಿಸಿದ್ದೆ. ಆದ್ರೆ ಮೂಲೆಗಳು... ಮೂಲೆಗಳು ನನಗೆ ಸಮಾಧಾನ ಆಗ್ಲಿಲ್ಲ."

ಕ್ಯೂಬ್ಲರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮೂಲೆಗಳು!" ಎಂದಳು. "ಈ ಮನೆಗೆ ಎಷ್ಟೋ ಜನ ಬಂದ್ರು ಹೋದ್ರು. ಮೂಲೆ ಅಂತ ನಾನಾಗೇ ಹೇಳ್ದೆ ಯಾರ ಬಾಯಲ್ಲೂ ಬಂದಿರ್ಲಿಲ್ಲ. ನಿಮಗೆ ಎದೆನೋವಾ? ಎದೆ ಹಿಡ್ಕೊಂಡಿದ್ದೀರಾ?"

"ಇಲ್ಲ, ಸ್ವಲ್ಪ ಚಳಿ ಅಷ್ಟೆ." ಅದು ಬಾಯಿಗೆ ಬಂದ ಸುಳ್ಳು. ಆ ಗಳಿಗೆಯಲ್ಲಿ ಅವರು ಬೆವರುತ್ತಿದ್ದರು.

"ಚಳಿ," ಎಂದು ಕ್ಯೂಬ್ಲರಮ್ಮ ಮೆಲ್ಲಗೆ ಹೇಳಿಕೊಂಡಳು.

ಕಾದ ಕಬ್ಬಿಣವನ್ನು ಆಗಲೇ ಬಡಿಯಬೇಕು ಎಂಬುದು ನೇಗೆಲೆಯವರಿಗೂ ಗೊತ್ತು. "ಕ್ಯೂಬ್ಲರಮ್ಮಾ, ನಿಮ್ಮ ಸರದಿಯನ್ನೂ ನನಗೇ ಕೊಟ್ಟುಬಿಡಿ. ಚಳಿಗಾಲ ಪೂರ್ತಿ. ವಿಲ್ಡ್ ಅವ್ರದ್ದು ಆಗ್ಲೇ ತಗೊಂಡಿದ್ದೀನಿ. ಬಕೆಟ್ಟು ಅಲ್ಲೇ ಇರುತ್ತೆ, ನಾನು ಗುಡಿಸ್ತಾನೇ ಇರ್ತೀನಿ."

"ನನ್ನ ಸರದಿ ನಾನು ಯಾರಿಗೂ ಕೊಟ್ಟೋಳಲ್ಲ. ನಮ್ಮೆಜಮಾನ್ರು ಹೋದ ವಾರಾನೂ ನಾನೇ ಗುಡಿಸ್ದೆ." ಅವಳು ನೇಗೆಲೆಯವರನ್ನು ಮೇಲಿನಿಂದ ಕೆಳಗೆ ನೋಡಿದಳು, ಹೆಣ್ಣು ಕೊಡುವವರು ವರನನ್ನು ನೋಡುವ ಹಾಗೆ. "ನಿಮಗೆ ಕೊಡ್ತೀನಿ. ಮೂಲೆ ಬಲ್ಲೋರು ನೀವು."

ಏಳನೆಯ ಸಸಿಯನ್ನೂ ಬಕೆಟ್ಟಿಗೆ ಸೇರಿಸಿ, ಮಧ್ಯಾಹ್ನದ ಊಟಕ್ಕೆ ನೇಗೆಲೆಯವರು ಮನೆಗೆ ಬಂದಾಗ ಯುದ್ಧ ಗೆದ್ದು ಬಂದವರ ಹಾಗೆ ಇದ್ದರು. ಟ್ರೂಡೆ ಬೇಳೆಸಾರು, ನೂಡಲ್ಸು ಬಡಿಸುತ್ತ ಕತೆಯನ್ನೆಲ್ಲ ಕೇಳಿದಳು. "ಏಳು ಕಡ್ಡಿಗಾಗಿ ಮೂರು ಮನೆ ಕಸ," ಎಂದಳು.

"ನೂರ್ದಾನ್ ಸರದಿಯೊಂದು ಉಳಿದಿದೆ. ಅವಳು ಆಸ್ಪತ್ರೆಯಿಂದ ಬಂದ್ಮೇಲೆ ಕೇಳ್ತೀನಿ."

"ಕೇಳೋದೇನು? ಬೆಳಿಗ್ಗೆ ಅವಳು ಡ್ಯೂಟಿಗೆ ಹೋಗ್ವಾಗ ನಾನೇ ಹೇಳಿದೆ, ಇನ್ಮೇಲೆ ನಿನ್ನದೂ ನಮ್ಮ ಓಟ್ಮಾರ್ ಮಾಡ್ತಾನೆ ಅಂತ. ಬಕೆಟ್ಟು ಇಟ್ಟಿದ್ದು ನೋಡಿದಾಗ್ಲೇ ನನಗೆ ಗೊತ್ತಾಯ್ತು, ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ." ಟ್ರೂಡೆ ಮುಖ ಆಚೆ ತಿರುಗಿಸಿಕೊಂಡಳು. ನಕ್ಕಳೋ ಏನೋ.

ಇಷ್ಟಕ್ಕೇ ನಿಂತಿದ್ದರೆ ನೇಗೆಲೆಯವರಿಗೆ ಬೆನ್ನುನೋವು ಮಾತ್ರ ಬರುತ್ತಿತ್ತು, ದಾಳಿಂಬೆ ಉಳಿಯುತ್ತಿತ್ತು. ಆದರೆ ಊಟವಾದ ಮೇಲೆ ಅವರಿಗೆ ಮನೆಯ ಗಾಳಿ ಸರಿಯಿಲ್ಲ ಅನ್ನಿಸತೊಡಗಿತು. ಮೆಟ್ಟಿಲ ತಿರುವಿನಲ್ಲಿ ಕ್ಯೂಬ್ಲರಮ್ಮನೂ ವಿಲ್ಡ್ ಮುದುಕನೂ ಬಕೆಟ್ಟನ್ನು ನೋಡುತ್ತ ಪಿಸುಗುಟ್ಟುತ್ತಿದ್ದರು. ಇವರನ್ನು ಕಂಡೊಡನೆ ಮುದುಕ ಕಿಟಕಿಯಾಚೆ ನೋಡಿ, "ಹಿಮ ಬರೋ ಹಾಗಿದೆ," ಎಂದ. ಕ್ಯೂಬ್ಲರಮ್ಮ, "ಹಾಗೇ ಇದೆ," ಎಂದಳು. ಒಂದು ವರ್ಷ ಮಾತು ಬಿಟ್ಟವರು ಹೀಗೆ ಒಂದಾದರೆ ಮೂರನೆಯವನಿಗೆ ಕೇಡು ಖಂಡಿತ. ಸ್ವಲ್ಪ ಹೊತ್ತಿಗೆ ಟ್ರೂಡೆ ಕೆಳಗಿನಿಂದ ಏಪ್ರನ್ ಕೆಳಗೆ ಏನನ್ನೋ ಮುಚ್ಚಿಕೊಂಡು ಬಂದು, ಗಂಡನನ್ನು ನೋಡದವಳಂತೆ ಒಳಗೆ ಹೋದಳು.

ಎಸೆಯುತ್ತಾರೆ, ಎಂದುಕೊಂಡರು ನೇಗೆಲೆಯವರು. ಸರದಿಯನ್ನೆಲ್ಲ ನನ್ನ ತಲೆಗೆ ಕಟ್ಟಿ, ಕಡ್ಡಿಯನ್ನೆಲ್ಲ ಕಸಕ್ಕೆ ಎಸೆಯುತ್ತಾರೆ. ಅವರು ಬಕೆಟ್ಟಿನ ಪಕ್ಕದ ಮೆಟ್ಟಿಲ ಮೇಲೆ ಕಸಬರಿಗೆ ತೊಡೆಯ ಮೇಲಿಟ್ಟು ಕುಳಿತರು. ಕಾಲು ಮರಗಟ್ಟಿತು, ಮೂಗು ಸೋರತೊಡಗಿತು. ಏಳಲಿಲ್ಲ. ಎರಡು ಚಳಿಗಾಲ ಸೋತಿದ್ದೇನೆ, ಮೂರನೆಯದನ್ನು ಈ ಮೂವರ ಕೈಯಲ್ಲಿ ಸೋಲುವುದಿಲ್ಲ, ಎಂದು ಹಲ್ಲು ಕಚ್ಚಿದರು.

ಕತ್ತಲಾಗುವ ಹೊತ್ತಿಗೆ ಕ್ಯೂಬ್ಲರಮ್ಮ ಬಂದಳು. "ನೇಗೆಲೆಯವ್ರೇ, ನೆಲಮಾಳಿಗೆ ಮೆಟ್ಟಿಲು?"

"ಅದೂ ಸೇರುತ್ತಾ?"

"ಗುಡಿಸೋ ವಾರ ಅಂದ್ಮೇಲೆ ನೆಲಮಾಳಿಗೆ ಬಿಡ್ತಾರಾ? ಮೂಲೆ ಬಲ್ಲೋರಿಗೆ ನಾನು ಹೇಳ್ಬೇಕಾ?"

ಬೇರೆ ದಾರಿಯಿರಲಿಲ್ಲ. ಗುಡಿಸದಿದ್ದರೆ ಬಕೆಟ್ಟಿಗೆ ಹಕ್ಕಿಲ್ಲ. ನೇಗೆಲೆಯವರು ಹಿಂದೆ ತಿರುಗಿ ತಿರುಗಿ ನೋಡುತ್ತ ಇಳಿದು, ಜೀವಮಾನದಲ್ಲೇ ಯಾರೂ ಗುಡಿಸಿರದಷ್ಟು ಬೇಗ ಗುಡಿಸತೊಡಗಿದರು. ಅರ್ಧಕ್ಕೆ ಬರುವಾಗ ಮೇಲಿನಿಂದ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಆಮೇಲೆ ಯಾರೋ ಮೇಜು ಎಳೆದ ಸದ್ದು. ಪಕ್ಕದ ಕೋಣೆಯಲ್ಲಿ ಬಾಯ್ಲರು ಭುಸ್ಸೆಂದು ಹೊತ್ತಿಕೊಂಡಿತು. ಗೋಡೆಯೊಳಗಿನ ಪೈಪುಗಳು ಟಣ್ ಟಣ್ ಎಂದವು. ನೇಗೆಲೆಯವರ ಕಿವಿಗೆ ಅದು ಏಳು ಕುಂಡಗಳು ಕಸದ ಡಬ್ಬಿಗೆ ಬಿದ್ದ ಸದ್ದಿನಂತೆಯೇ ಕೇಳಿಸಿತು. ಅವರು ಕಸಬರಿಗೆಯನ್ನು ಈಟಿಯ ಹಾಗೆ ಮುಂದೆ ಹಿಡಿದು ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದರು.

"ಯಾರಾದ್ರೂ ಮುಟ್ಟಿದ್ರೆ ನೋಡಿ!"

ಯಾರೂ ಮುಟ್ಟಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಪುಟ್ಟ ಮೇಜಿತ್ತು. ಮೇಜಿನ ಮೇಲೆ ಟ್ರೂಡೆಯ ಹೂವಿನ ಬಟ್ಟೆ, ಮೇಣದಬತ್ತಿ, ಕ್ರಿಸ್ಮಸ್ ಬಿಸ್ಕತ್ತಿನ ಡಬ್ಬಿ, ಜಡೆಯ ಹಾಗೆ ಹೆಣೆದ ಸಿಹಿ ಬ್ರೆಡ್ಡು, ಕಾಫಿ ಇತ್ತು. ಬಕೆಟ್ಟು ಇದ್ದಲ್ಲೇ ಇತ್ತು. ಅದರ ಕುತ್ತಿಗೆಗೆ ಯಾರೋ ಕೆಂಪು ರಿಬ್ಬನ್ನು ಕಟ್ಟಿದ್ದರು. ಏಳು ಕಡ್ಡಿಗಳೂ ನೆಟ್ಟಗಿದ್ದವು.

ನೇಗೆಲೆಯವರ ಕೈಯಿಂದ ಕಸಬರಿಗೆ ಜಾರಿತು. ಅವರ ಕಣ್ಣು ತುಂಬಿ ಬಂತು. ಛೇ, ಇಂಥ ಒಳ್ಳೆಯವರ ಮೇಲೆ ಏನೆಲ್ಲ ಅನುಮಾನಪಟ್ಟೆ! ಆಮೇಲೆ ಅವರ ಕೆನ್ನೆಗೆ ಏನೋ ತಾಗಿದ ಹಾಗಾಯಿತು. ಬೆಚ್ಚಗಿನ ಏನೋ.

ಕ್ಯೂಬ್ಲರಮ್ಮ ಗಂಟಲು ಸರಿಮಾಡಿಕೊಂಡಳು. "ನೇಗೆಲೆಯವ್ರೇ, ನಾನು ಮಾತಾಡೋಳಲ್ಲ. ಈ ಮನೆ ಕಸ ಪೂರ್ತಿ ನಿಮ್ಮ ಮೇಲೆ ಹೊತ್ಕೊಂಡ್ರಿ. ಬೆಳಿಗ್ಗೆಯಿಂದ ಚಳೀಲಿ ನಡುಗ್ತಾ, ಎದೆ ಹಿಡ್ಕೊಂಡು ಮೂಲೆ ಗುಡಿಸಿದ್ರಿ. ಗಿಡ ಚಳಿಗೆ ಸಾಯುತ್ತೆ ಅಂದ್ರೇ ಹೊರತು ನಿಮಗೆ ಬೇಕು ಅಂತ ಒಂದು ಮಾತು ಕೇಳ್ಲಿಲ್ಲ. ನಾನೂ ಕಲ್ಲಲ್ಲ." ಅವಳು ಮುಚ್ಚಿದ ಅಂಗೈ ಚಾಚಿ ಬಿಚ್ಚಿದಳು. ಅಂಗೈಯಲ್ಲಿ, ದೇವರ ಒಡವೆಯ ಹಾಗೆ ಉಜ್ಜಿ ಹೊಳಪಿಸಿದ ಹೀಟರಿನ ನಾಬು ಇತ್ತು.

"ಹೀಟರ್ ಹಾಕೇ ಬಿಟ್ಟಿದಾರೆ ರೀ!" ಎಂದು ವಿಲ್ಡ್ ಮುದುಕ ಚಪ್ಪಾಳೆ ತಟ್ಟಿದ. "ಈ ದಿನ ನೋಡೋಕೆ ನಾನು ಬದುಕಿರ್ತೀನಿ ಅಂದ್ಕೊಂಡಿರ್ಲಿಲ್ಲ!"

"ಕೊನೇ ಅಂಕಿ ಐದಕ್ಕೆ ಪೂರ್ತಿ ತಿರುಗಿಸಿದೀನಿ," ಎಂದಳು ಕ್ಯೂಬ್ಲರಮ್ಮ. "ಯಾರೂ ಕೈಯಾಡಿಸಿ ಕಮ್ಮಿ ಮಾಡಬಾರದು ಅಂತ ನಾಬು ಮತ್ತೆ ಕಿತ್ತುಕೊಂಡಿದೀನಿ. ನಿಮ್ಮ ಮಕ್ಕಳಿಗೆ ಈಸ್ಟರ್‌ವರೆಗೆ ಚಳಿ ಅನ್ನೋದು ಗೊತ್ತಾಗ್ಬಾರ್ದು." ನಾಬು ಏಪ್ರನ್ ಜೇಬಿಗಿಳಿಯಿತು.

ಕಬ್ಬಿಣದ ಹೀಟರ್ ಇಷ್ಟು ವರ್ಷದ ಬಾಕಿಯನ್ನೆಲ್ಲ ತೀರಿಸುವ ಹಾಗೆ ಉಸಿರು ಬಿಡುತ್ತಿತ್ತು. ಅದರ ಮಗ್ಗುಲಲ್ಲೇ ಏಳು ಸಸಿಗಳು. ಇನ್ನೆರಡು ವಾರ ಈ ಸೆಕೆಯಲ್ಲಿದ್ದರೆ ವಸಂತ ಬಂತೆಂದು ಚಿಗುರುತ್ತವೆ, ಶಾವಿಗೆಯಾಗುತ್ತವೆ, ತಲೆ ಬಾಗಿಸುತ್ತವೆ. ನೇಗೆಲೆಯವರು ಮುಂದೆ ಬಂದರು. ಇವತ್ತು ಮಾತು ಅರ್ಧಕ್ಕೆ ನಿಲ್ಲಿಸಬಾರದು.

"ಕ್ಯೂಬ್ಲರಮ್ಮಾ, ಒಂದು ವಿಷಯ. ದಾಳಿಂಬೆಗೆ ನಿಜವಾಗ್ಲೂ ಬೇಕಾಗಿರೋದು..."

ಕೆಳಗೆ ಬೀದಿಬಾಗಿಲು ತೆರೆಯಿತು. ನೂರ್ದಾನ್ ಹೆಗಲ ಮೇಲೆ ಹಿಮ ಹೊತ್ತು, ದಿನವಿಡೀ ನಿಂತ ಕಾಲುಗಳನ್ನು ಎಳೆಯುತ್ತ ಮೇಲೆ ಬಂದಳು. ತಿರುವಿಗೆ ಬಂದವಳು ನಿಂತುಬಿಟ್ಟಳು.

"ಇಲ್ಲಿ ಬೆಚ್ಚಗಿದೆ!" ಎಂದಳು. ಕೈಚೀಲ ಕೆಳಗಿಟ್ಟು, ಎರಡೂ ಅಂಗೈಗಳನ್ನು ಹೀಟರಿಗೆ ಹಿಡಿದು, ಹಾಗೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು. "ಇಷ್ಟು ವರ್ಷದಲ್ಲಿ ಡ್ಯೂಟಿಯಿಂದ ಬಂದಾಗ ಈ ಮನೆ ಬೆಚ್ಚಗಿದ್ದಿದ್ದು ಇದೇ ಮೊದಲು. ಏನಿದು, ಯಾರು ಮಾಡಿದ್ದು?"

"ನೇಗೆಲೆಯವ್ರಿಂದ ಆಗಿದ್ದು," ಎಂದಳು ಕ್ಯೂಬ್ಲರಮ್ಮ. "ನಿಮ್ಮಜ್ಜನ ಮರದ ಗಿಡಕ್ಕೋಸ್ಕರ."

ನೂರ್ದಾನ್ ಬಕೆಟ್ಟನ್ನು ನೋಡಿದಳು. ಒಂದು ಕಡ್ಡಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಬೆಳಿಗ್ಗೆಯಿಂದ ಯಾರ ಯಾರ ನೋವನ್ನೋ ನೋಡಿ ಬಂದ ಹುಡುಗಿ, ಈಗ ತಡೆಯಲಾರದೆ ಅತ್ತಳು. "ಊರಲ್ಲಿ ನಮ್ಮಜ್ಜ ಚಳಿಗಾಲದಲ್ಲಿ ನನ್ನ ಕೈ ಹೀಗೇ ಒಲೆ ಹತ್ರ ಹಿಡಿಸ್ತಿದ್ರು," ಎಂದಳು. "ಬೆಚ್ಚಗಿದ್ದಾವೆ ಅಲ್ವಾ ನೇಗೆಲೆಯವ್ರೇ, ನಮ್ಮಜ್ಜನ ಮಕ್ಕಳು?"

ಎಲ್ಲರೂ ನೇಗೆಲೆಯವರನ್ನು ನೋಡಿದರು. ನಾಬು ಜೇಬಿನಲ್ಲಿತ್ತು. ಒಂದು ಮಾತು ಸಾಕಿತ್ತು. ಆ ಹುಡುಗಿಯ ಎರಡು ಕೈಗಳು ಹೀಟರಿಗೆ ಅಂಟಿಕೊಂಡಿದ್ದವು.

"ಬೆಚ್ಚಗಿವೆ," ಎಂದರು ನೇಗೆಲೆಯವರು.

ಆಮೇಲೆ ಅಲ್ಲಿ ಜಾತ್ರೆಯೇ ನೆರೆಯಿತು. ವಿಲ್ಡ್ ಮುದುಕ ಕುರ್ಚಿ ತಂದ, ಕ್ಯೂಬ್ಲರಮ್ಮ ಗಂಡ ಬಿಟ್ಟುಹೋದ ಚೆರ್ರಿ ಸಾರಾಯಿ ತಂದಳು. ಬಿಸ್ಕತ್ತು ಮುರಿದವು, ಬ್ರೆಡ್ಡಿನ ಚೂರು ಉದುರಿದವು, ನಗೆ ಚಿಮ್ಮಿತು. ಆ ಗದ್ದಲದಲ್ಲಿ ನೇಗೆಲೆಯವರು ಬಕೆಟ್ಟನ್ನೆತ್ತಿ, "ಇವಕ್ಕೆ ನಿದ್ದೆ ಹೊತ್ತಾಯ್ತು, ಒಂದು ರಾತ್ರಿ ಒಳಗೇ ಮಲಗ್ಲಿ," ಎಂದು ಮೆಲ್ಲಗೆ ಮನೆಗೆ ಜಾರಿದರು. ಎಷ್ಟು ಪ್ರೀತಿ ನೋಡಿ, ಎಂದು ಹಿಂದಿನಿಂದ ಯಾರೋ ಅಂದರು.

ಮಲಗುವ ಕೋಣೆಯಲ್ಲಿ ಹೀಟರ್ ಆರಿಸಿ, ಕಿಟಕಿಯನ್ನು ಬೆರಳಷ್ಟು ತೆರೆದು, ಬಕೆಟ್ಟನ್ನು ಅದರ ಕೆಳಗಿಟ್ಟರು. ಟ್ರೂಡೆ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ. ಅದೇ ಹೆಚ್ಚು ಭಯ.

"ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡ್ತಾ ಇದ್ದೀಯ ಅನ್ನು," ಎಂದಳು. ಹಾಸಿಗೆಯಿಂದ ತನ್ನ ಗರಿ ತುಂಬಿದ ದುಪ್ಪಟಿ, ದಿಂಬು, ಗಂಡನ ದಿಂಬು ಎಲ್ಲ ಎತ್ತಿಕೊಂಡಳು. "ಹಜಾರದ ಸೋಫಾ ನನಗೆ ಸಾಕು. ಬೆಳಿಗ್ಗೆಯೇ ಇಷ್ಟು ಹೇಳಿದ್ದಿದ್ರೆ, ಬರೀ ನನ್ನನ್ನ ಕಳ್ಕೋತಿದ್ದೆ. ಈಗ ನಾಲ್ಕು ಮನೆ ಕಸ ಬೇರೆ."

ನೇಗೆಲೆಯವರು ಓವರ್‌ಕೋಟು ಹಾಕಿ, ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದುಕೊಂಡು, ಬರಿ ಹಾಸಿಗೆಯ ಮೇಲೆ ಮಲಗಿದರು. ಬಾಯಿಂದ ಹೊಗೆ ಬರುತ್ತಿತ್ತು. ಏಳು ಕಡ್ಡಿಗಳು ಕಿಟಕಿಯ ಬೆಳಕಿನಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದ್ದವು. ಇರಲಿ, ಎಂದುಕೊಂಡರು ಅವರು ಹಲ್ಲು ಕಟಕಟಿಸುತ್ತ. ಏಪ್ರಿಲ್ ಬರುವವರೆಗೆ ತಾನೆ. ಈ ಸಲ ಬದುಕಿಸಿಯೇ ತೀರುತ್ತೇನೆ.

ಹೊರಬಾಗಿಲಲ್ಲಿ ಟಕ ಟಕ ಎಂದು ಸುತ್ತಿಗೆಯ ಸದ್ದಾಯಿತು. ಅವರು ಎದ್ದು ಹೋಗಿ ತೆರೆದರು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಗುಡಿಸುವ ಹಲಗೆಯನ್ನು ಕ್ಯೂಬ್ಲರಮ್ಮ ದಾರದಿಂದ ಬಿಚ್ಚಿ, ಅವರ ಬಾಗಿಲಿಗೇ ನಾಲ್ಕು ಮೂಲೆಗೂ ಮೊಳೆ ಹೊಡೆದು ಮುಗಿಸಿದ್ದಳು. ಅವಳ ಹಿಂದೆ ವಿಲ್ಡ್ ಮುದುಕ ಕೆಂಪು ಮುಖ ಮಾಡಿಕೊಂಡು ಗ್ಲಾಸು ಹಿಡಿದು ನಿಂತಿದ್ದ.

"ಓ, ಕೋಟು ಟೋಪಿ ಹಾಕ್ಕೊಂಡು ರೆಡಿಯಾಗೇ ಇದ್ದೀರಾ! ಒಳ್ಳೇದಾಯ್ತು," ಎಂದ. "ಬೀದಿ ತುಂಬ ಹಿಮ ಬಿದ್ದಿದೆ. ಮೊದಲು ಇಲ್ಲಿ ಬಿಸ್ಕತ್ತಿನ ಪುಡಿ ಗುಡಿಸಿಬಿಡಿ, ಮೂಲೆಗೆಲ್ಲ ಹೋಗಿದೆ."